ಹಳೆಯ ಬ್ಯಾಟಿಗೆ ಅಂಗಳದಲ್ಲಿ ಜಾಗ

ಬಿರುಕುಬಿಟ್ಟ ಬ್ಯಾಟು, ಸವೆದ ಹಾಕಿ ಸ್ಟಿಕ್ಕುಗಳಿಂದ ಅಂಗಳಕ್ಕೊಂದು ಬೆಂಚು ಮಾಡಬಹುದು. ಸುನಿಲ್ ಜೋಶಿಯಂಥ ಸ್ಪಿನ್ನರನನ್ನು ಭಾರತ ತಂಡಕ್ಕೆ ಕೊಟ್ಟ ಗದಗ ಸೀಮೆಯಲ್ಲಿ ಇಂಥ ಸಾಮಾನು ಅಟ್ಟದ ಮೇಲೆ ಕೊಳೆಯಬಾರದು. ಬ್ಯಾಟಿನ ವಿಲ್ಲೋ ಮರ ಹಗುರ, ಮೆದು. ಬೆನ್ನಿನ ಒರಗಿಗೆ ಸರಿ, ಕಾಲಿಗೆ ಬೇಡ. ಕಾಲು, ಚೌಕಟ್ಟಿಗೆ ಸಾಗವಾನಿ ಇಲ್ಲವೇ ಕಬ್ಬಿಣದ ಪೈಪೇ ಬೇಕು. ಹಿಪ್ಪುನೇರಳೆ ಮರದ ಹಳೆಯ ಹಾಕಿ ಸ್ಟಿಕ್ಕಿನ ಬಾಗು ಮಾತ್ರ ಕೈಯಾಸರೆಗೆಂದೇ ಹುಟ್ಟಿದಂತಿರುತ್ತದೆ. ಅದನ್ನು ಕತ್ತರಿಸದೆ ಬಳಸುವುದೇ ಚೆಂದ. ಫೈಬರ್ ಸ್ಟಿಕ್ಕು ಕೊಯ್ಯುವಾಗ ಏಳುವ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಇರಲೇಬೇಕು. ಸ್ಕ್ರೂ ಹಾಕುವ ಮುನ್ನ ಸಣ್ಣ ತೂತು ಕೊರೆಯದಿದ್ದರೆ ವಿಲ್ಲೋ ಸೀಳುತ್ತದೆ.

ಶಿರಹಟ್ಟಿ, ಲಕ್ಷ್ಮೇಶ್ವರದ ಬಿಸಿಲಿಗೆ ಬರಿ ಮರ ಬೇಗ ಬಿರಿಯುತ್ತದೆ. ಕ್ರಿಕೆಟ್ ಆಟಗಾರರು ಬ್ಯಾಟಿಗೆ ಹಚ್ಚುವ ಅಗಸಿ ಎಣ್ಣೆಯನ್ನೇ ಬೆಂಚಿಗೂ ತೆಳುವಾಗಿ ಎರಡು ಸಲ ಹಚ್ಚಿ, ನೆರಳಲ್ಲಿ ಒಣಗಿಸಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಅದು ಕಾವು ಏರಿ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ ಹರವಿ ಒಣಗಿಸುವುದು ಕ್ಷೇಮ.

ಮುಂಡರಗಿ ಕಡೆಯ ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಾಯಿಬಿಡುತ್ತದೆ. ಕಾಲುಗಳ ಕೆಳಗೆ ಚಪ್ಪಡಿ ಕಲ್ಲು ಇಟ್ಟರೆ ಬೆಂಚು ವಾಲುವುದಿಲ್ಲ, ಗೆದ್ದಲೂ ಸುಲಭವಾಗಿ ಹತ್ತುವುದಿಲ್ಲ.