ಚರ್ಚ್ ಕಟ್ಟಡಗಳ ಕಲ್ನಾರು ಛಾವಣಿ: ದುರಸ್ತಿಗೆ ಮುನ್ನ ತಿಳಿದಿರಬೇಕಾದದ್ದು



ಯಲಹಂಕ ತಾಲ್ಲೂಕಿನ ಬಾಗಲೂರು ಮುಂತಾದ ಪಂಚಾಯಿತಿಗಳಲ್ಲಿ ಹಳೆಯ ಚರ್ಚ್ ಅಥವಾ ಅದರ ಸಭಾಂಗಣದ ದುರಸ್ತಿಗೆ ಅರ್ಜಿ ಬಂದಾಗ, ಮೇಲ್ಛಾವಣಿ ಯಾವುದರದ್ದೆಂದು ಮೊದಲು ವಿಚಾರಿಸತಕ್ಕದ್ದು. ನಾವು ಸಿಮೆಂಟ್ ಶೀಟು ಎನ್ನುವ ಬೂದುಬಣ್ಣದ ಹಳೆಯ ಶೀಟುಗಳಲ್ಲಿ ಸಾಮಾನ್ಯವಾಗಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆತಿರುತ್ತದೆ. ಕಲ್ಲಿನ ನಾರು ಎಂಬ ಹೆಸರೇ ಅದರ ಗುಣವನ್ನು ಹೇಳುತ್ತದೆ: ಒಡೆದಾಗ ಕಣ್ಣಿಗೆ ಕಾಣದ ಎಳೆಗಳಾಗಿ ಗಾಳಿಗೆ ಸೇರುತ್ತದೆ. ಆ ಎಳೆಗಳು ಶ್ವಾಸಕೋಶವನ್ನು ಹೊಕ್ಕರೆ, ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 40 ವರ್ಷ ಹಿಡಿಯಬಹುದು. ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ ಕಾಯ್ದಿಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ಆದೇಶಿಸಿದೆ.

ಶೀಟು ಗಟ್ಟಿಯಾಗಿದ್ದರೆ ಅವಸರದಿಂದ ಕೀಳಿಸಬೇಕಾಗಿಲ್ಲ. ಅಪಾಯವಿರುವುದು ಕೊರೆಯುವಲ್ಲಿ, ಒಡೆಯುವಲ್ಲಿ, ಪಾಚಿ ಕೆರೆಯುವಲ್ಲಿ. ಕ್ರಿಸ್‌ಮಸ್‌ಗೆ ಮುನ್ನ ಸುಣ್ಣಬಣ್ಣಕ್ಕೆಂದು ಶ್ರಮದಾನಕ್ಕೆ ಇಳಿಯುವ ಹುಡುಗರು ತಿಳಿಯದೆ ಮಾಡಬಹುದಾದದ್ದೂ ಇದನ್ನೇ. ಹಳೆಯ ಶೀಟು ಮನುಷ್ಯನ ಭಾರವನ್ನೂ ತಡೆಯದೆ ಮುರಿಯಬಹುದು.

ತೆಗೆಯಲೇಬೇಕಾದಲ್ಲಿ ನೀರು ಸಿಂಪಡಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡತಕ್ಕದ್ದು. ಬಟ್ಟೆಯ ಮುಖಗವಸು ಎಳೆಗಳನ್ನು ತಡೆಯದು. ಚೂರುಗಳನ್ನು ಒಣಗಿದ ಸ್ಥಿತಿಯಲ್ಲಿ ಗುಡಿಸಬಾರದು. ಕೆರೆಯಂಗಳಕ್ಕೆ ಸುರಿಯುವುದಾಗಲಿ, ದನದ ಕೊಟ್ಟಿಗೆಗೆಂದು ಹಂಚುವುದಾಗಲಿ ಕೂಡದು. ವಿಲೇವಾರಿಯ ವಿಧಾನವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ತಿಳಿದುಕೊಂಡ ನಂತರವೇ ಕೆಲಸಕ್ಕೆ ಒಪ್ಪಿಗೆ ನೀಡುವುದು.