ದಾನಕ್ಕೆ ಮುಂಚಿನ ಬಾಕಿ

ಲಾಭದ ಒಂದು ಪಾಲನ್ನು ಸಮಾಜಕ್ಕಾಗಿ ವ್ಯಯಿಸುವುದು ನಮ್ಮ ದೇಶದ ದೊಡ್ಡ ಕಂಪೆನಿಗಳಿಗೆ ಈಗ ಕಾನೂನಿನ ಕಟ್ಟಳೆಯಾಗಿದೆ. 2013ರ ಕಂಪೆನಿ ಕಾಯ್ದೆಯ 135ನೇ ಕಲಮು 2014ರ ಎಪ್ರಿಲ್‌ನಿಂದ ಜಾರಿಗೆ ಬಂತು. 500 ಕೋಟಿ ರೂಪಾಯಿಯ ನಿವ್ವಳ ಸಂಪತ್ತು, 1,000 ಕೋಟಿಯ ವಹಿವಾಟು ಅಥವಾ 5 ಕೋಟಿಯ ನಿವ್ವಳ ಲಾಭ, ಈ ಮೂರರಲ್ಲಿ ಒಂದಿದ್ದರೂ ಕಂಪೆನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಶಿಕ್ಷಣ, ಆರೋಗ್ಯ, ಪರಿಸರ ಮುಂತಾದ ಕಾರ್ಯಗಳಿಗೆ ಖರ್ಚು ಮಾಡಬೇಕು. ಒಳ್ಳೆಯದೇ. ಆದರೆ ಆ ಲಾಭ ಬಂದದ್ದು ಹೇಗೆ?

ಪಾಲಾರ್ ನದಿ ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲಿ. ಮುಂದೆ ಅದು ತಮಿಳುನಾಡಿನ ವಾಣಿಯಂಬಾಡಿ, ಆಂಬೂರುಗಳ ಬದಿಯಲ್ಲಿ ಸಾಗುತ್ತದೆ. ಚರ್ಮ ಹದಮಾಡುವ ಉದ್ಯಮಕ್ಕೆ ಈ ಊರುಗಳು ಪ್ರಸಿದ್ಧ. ಮಾಲಕರಲ್ಲಿ ಮುಸ್ಲಿಮರು ಅನೇಕ. ಶಾಲೆ, ಮಸೀದಿಗಳಿಗೆ ಅವರು ಕೈಬಿಚ್ಚಿ ಕೊಟ್ಟವರು. ಆದರೆ ಒಂದು ಕಿಲೋ ಚರ್ಮ ಸಿದ್ಧವಾಗಲು ಸುಮಾರು 35 ಲೀಟರ್ ನೀರು ಬೇಕು. ಉಪ್ಪು ಮತ್ತು ರಾಸಾಯನಿಕ ತುಂಬಿದ ಆ ನೀರು ಶುದ್ಧವಾಗದೆ ಹೊಲಕ್ಕೆ, ಹೊಳೆಗೆ ಸೇರಿತು. ಬಾವಿಗಳು ಕೆಟ್ಟವು. ಸುಮಾರು 35,000 ಹೆಕ್ಟೇರ್ ಭೂಮಿ ಪೂರ್ಣವಾಗಿಯೋ ಭಾಗಶಃವೋ ಬೇಸಾಯಕ್ಕೆ ಅಯೋಗ್ಯವಾಯಿತೆಂಬ ಸಮೀಕ್ಷೆಯು ಸುಪ್ರೀಂ ಕೋರ್ಟಿನ ಮುಂದೆ ಬಂತು.

ವೆಲ್ಲೂರಿನ ನಾಗರಿಕ ವೇದಿಕೆಯೊಂದು ಹೂಡಿದ ಆ ದಾವೆಯ ತೀರ್ಪು ಬಂದದ್ದು 1996ರ ಆಗಸ್ಟ್ 28ರಂದು. ಚರ್ಮೋದ್ಯಮ ವಿದೇಶಿ ವಿನಿಮಯ ತರುತ್ತದೆ, ಸಾವಿರಾರು ಮಂದಿಗೆ ಅನ್ನ ಕೊಡುತ್ತದೆ ಎಂಬುದನ್ನು ನ್ಯಾಯಾಲಯ ಅಲ್ಲಗಳೆಯಲಿಲ್ಲ. ಆದರೆ ನಾಳಿನವರ ನೆಲಜಲವನ್ನು ಕೆಡಿಸುವ ಹಕ್ಕು ಅದರಿಂದ ಸಿಗದು, ಕೆಡಿಸಿದವನೇ ಸರಿಪಡಿಸುವ ವೆಚ್ಚವನ್ನೂ ನಷ್ಟವಾದವರಿಗೆ ಪರಿಹಾರವನ್ನೂ ಭರಿಸಬೇಕು ಎಂದಿತು. ಸುಸ್ಥಿರ ಅಭಿವೃದ್ಧಿ ಎಂಬ ಮಾತಿಗೆ ನಮ್ಮ ನ್ಯಾಯಶಾಸ್ತ್ರದಲ್ಲಿ ಗಟ್ಟಿಯಾದ ನೆಲೆ ಸಿಕ್ಕಿದ್ದು ಈ ತೀರ್ಪಿನಿಂದ.

ಪ್ರವಾದಿವರ್ಯರು(ಸ) ಒಮ್ಮೆ ಅನುಚರರಲ್ಲಿ ದಿವಾಳಿ ಯಾರೆಂದು ಕೇಳಿದ ಪ್ರಸಂಗವನ್ನು ಓದುಗರು ಬಲ್ಲರು. ಹಣವಿಲ್ಲದವನೆಂದು ಅವರು ಉತ್ತರಿಸಿದರು. ಪ್ರವಾದಿವರ್ಯರು(ಸ) ತೋರಿಸಿದ್ದು ಬೇರೊಬ್ಬನನ್ನು. ಅವನ ಬಳಿ ನಮಾಝ್, ಉಪವಾಸ, ಝಕಾತ್ ಎಲ್ಲವೂ ಇವೆ. ಆದರೆ ಒಬ್ಬನನ್ನು ನಿಂದಿಸಿದ್ದಾನೆ, ಇನ್ನೊಬ್ಬನ ಸೊತ್ತು ತಿಂದಿದ್ದಾನೆ, ಮತ್ತೊಬ್ಬನಿಗೆ ಹೊಡೆದಿದ್ದಾನೆ. ಅವನ ಪುಣ್ಯವೆಲ್ಲ ಅವರಿಗೆ ಹಂಚಿಹೋಗುತ್ತದೆ. ಸಾಲದೆ ಬಂದರೆ ಅವರ ಪಾಪ ಇವನ ಹೆಗಲಿಗೆ. ಗಮನಿಸಿ, ಇಲ್ಲಿ ಝಕಾತ್ ಕೊಡದವನ ಮಾತಲ್ಲ, ಕೊಟ್ಟವನ ಮಾತು. ಬಾವಿ ಕಳಕೊಂಡ ರೈತನು ಶಾಲೆಗೆ ಬಂದ ದೇಣಿಗೆಯ ರಶೀದಿಯನ್ನು ಒಪ್ಪಿಕೊಳ್ಳಬೇಕೆಂದು ಯಾರು ಹೇಳಬಲ್ಲರು? ಬಾಕಿ ಇರುವುದು ಅವನಿಗೆ, ಶಾಲೆಗಲ್ಲ.

ಕಂಪೆನಿ ಕಾನೂನೂ ಈ ಭೇದವನ್ನು ಬಲ್ಲದು. ಬೇರೆ ಯಾವುದೇ ಕಾನೂನಿನಂತೆ ಮಾಡಲೇಬೇಕಾದ ಕೆಲಸವನ್ನು ಆ ಶೇ. 2ರ ಲೆಕ್ಕಕ್ಕೆ ಸೇರಿಸುವಂತಿಲ್ಲವೆಂದು 2021ರಲ್ಲಿ ತಿದ್ದುಪಡಿಯಾದ ನಿಯಮ ಹೇಳುತ್ತದೆ. ತನ್ನ ಕೊಳಚೆಯನ್ನು ಶುದ್ಧೀಕರಿಸುವುದು ಸೇವೆಯಲ್ಲ, ಕರ್ತವ್ಯ. ಈ ಮಾತು ದೊಡ್ಡ ಕಂಪೆನಿಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಗ್ಯಾರೇಜಿನ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿದು ರಮಝಾನಿನಲ್ಲಿ ಇಫ್ತಾರ್ ಕೂಟ ಏರ್ಪಡಿಸುವವರು ನಮ್ಮ ಊರುಗಳಲ್ಲೂ ಇದ್ದಾರೆ.

ಪಾಲಾರ್ ತೀರದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಬಾಧಿತ ಕುಟುಂಬಗಳಿಗೆ ಬಾಕಿ ಪರಿಹಾರವನ್ನು ಸರಕಾರವೇ ಮೊದಲು ಕೊಟ್ಟು, ಬಳಿಕ ಮಾಲಿನ್ಯ ಮಾಡಿದವರಿಂದ ವಸೂಲು ಮಾಡಬೇಕೆಂದು ಸುಪ್ರೀಂ ಕೋರ್ಟು 2025ರ ಜನವರಿಯಲ್ಲಿ ಮತ್ತೊಮ್ಮೆ ಆದೇಶಿಸಿತು. ಮೊದಲ ತೀರ್ಪು ಬಂದು ಆಗ 28 ವರ್ಷ ಕಳೆದಿತ್ತು.