ಸಹಾಯಕ ಕ್ರಿಯಾಪದಗಳೂ ನನ್ನ ಸಂಜೆಯ ತರಗತಿಯೂ

ಇಂಗ್ಲಿಷ್ ವ್ಯಾಕರಣವೆಂದೊಡನೆ ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಅನೇಕರು ಈ ಪುಟವನ್ನು ಮಗುಚಿ ಮುಂದಿನ ಕವಿತೆಗೆ ಹೋಗುವರೆಂಬುದನ್ನು ನಾನು ಬಲ್ಲೆನು. ಅವರಲ್ಲಿ ನನ್ನದೊಂದು ಬಿನ್ನಹ. ಈ ಲೇಖನದಲ್ಲಿ ವ್ಯಾಕರಣವಿರುವುದು ನಿಜವಾದರೂ ಒಬ್ಬ ಮನುಷ್ಯನ ಒಂಬತ್ತು ದಿನಗಳ ಸಂಬಳ ಹೋದ ಕತೆಯೂ ಇದರಲ್ಲುಂಟು. ಅದು ಹೋದುದು ನನ್ನ ಪಾಠದಿಂದ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕಳೆದ ವರ್ಷ ನಮ್ಮ ಕಾಲೇಜಿನ ಕೆಳಗಿನ ಕೊಠಡಿಯೊಂದರಲ್ಲಿ ವಾರಕ್ಕೆ ಮೂರು ಸಂಜೆ ಊರಿನ ವಯಸ್ಕರಿಗಾಗಿ ಇಂಗ್ಲಿಷ್ ತರಗತಿಯನ್ನು ನಡೆಸುತ್ತಿದ್ದೆವು. ಬರುತ್ತಿದ್ದವರು ಹನ್ನೊಂದು ಮಂದಿ. ಒಬ್ಬರು ಟ್ರ್ಯಾಕ್ಟರ್ ದುರಸ್ತಿ ಮಾಡುವವರು, ಒಬ್ಬರು ಬಟ್ಟೆ ಹೊಲಿಯುವವರು, ಒಬ್ಬ ತಾಯಿ ಔಷಧಿಯ ಅಂಗಡಿಯಲ್ಲಿ ಕೆಲಸಕ್ಕಿರುವವರು, ಇನ್ನೊಬ್ಬರು ಒಂದು ಖಾಸಗಿ ಸಂಸ್ಥೆಯ ಗೋದಾಮಿನಲ್ಲಿ ರಾತ್ರಿ ಕಾವಲಿನವರು. ಎಲ್ಲರೂ ಮೂವತ್ತು ದಾಟಿದವರು. ಹೊಟ್ಟೆಪಾಡಿಗಾಗಿ ಇಂಗ್ಲಿಷನ್ನು ಬಯಸಿ ಬಂದವರು. ನಾನು ಮೈಸೂರಿನ ಕಡೆಯವನು, ಅವರು ಈ ಉತ್ತರದ ಜಿಲ್ಲೆಯವರು. ಈ ಭೇದ ಮುಂದೆ ಕೆಲಸಕ್ಕೆ ಬರುವುದರಿಂದ ಇಲ್ಲಿಯೇ ಹೇಳಿದ್ದೇನೆ.

ಸಹಾಯಕ ಕ್ರಿಯಾಪದಗಳ ಪಾಠವನ್ನು ನಾನು ನನ್ನ ಗುರುಗಳಿಂದ ಕಲಿತಂತೆಯೇ ಆರಂಭಿಸಿದೆನು. ಕರಿಹಲಗೆಯ ಎಡಭಾಗದಲ್ಲಿ ವಿಲ್, ಶಲ್, ಕ್ಯಾನ್, ಮೇ. ಬಲಭಾಗದಲ್ಲಿ ವುಡ್, ಶುಡ್, ಕುಡ್, ಮೈಟ್. ಎಡಗಡೆಯದು ವರ್ತಮಾನ, ಬಲಗಡೆಯದು ಅದರ ಭೂತಕಾಲ. ಪಟ್ಟಿ ನೋಡುವುದಕ್ಕೆ ಅಂದವಾಗಿತ್ತು. ಎಲ್ಲರೂ ಶ್ರದ್ಧೆಯಿಂದ ಬರೆದುಕೊಂಡರು. ನನಗೂ ಒಂದು ದೊಡ್ಡ ಕೆಲಸ ಮುಗಿಸಿದ ಸಮಾಧಾನ.

ಇದಾದ ಒಂದು ತಿಂಗಳಿಗೆ ಆ ಕಾವಲಿನವರು ತರಗತಿಗೆ ಬೇಗನೆ ಬಂದು ಮೊಬೈಲನ್ನು ನನ್ನ ಮುಂದಿಟ್ಟರು. ಅವರ ತಾಯಿಗೆ ಕಾಯಿಲೆಯಾಗಿ ಎರಡು ರಾತ್ರಿ ಕೆಲಸಕ್ಕೆ ಹೋಗಲಾಗಿರಲಿಲ್ಲ. ಸಂಸ್ಥೆಯ ಮುಖ್ಯ ಕಚೇರಿ ಪರರಾಜ್ಯದಲ್ಲಿದೆ. ಅಲ್ಲಿಯ ಪತ್ರವ್ಯವಹಾರವೆಲ್ಲ ಇಂಗ್ಲಿಷಿನಲ್ಲಿ. ಕಾರಣ ಕೇಳಿ ಕಾಗದ ಬಂದಿತು. ಇವರು ಯಾರ ನೆರವನ್ನೂ ಬೇಡದೆ, ಕಲಿತ ವಿದ್ಯೆಯನ್ನು ಉಪಯೋಗಿಸಬೇಕೆಂಬ ಉತ್ಸಾಹದಿಂದ, ಸ್ವಹಸ್ತದಿಂದ ಉತ್ತರ ಬರೆದು ಅದರ ಚಿತ್ರವನ್ನು ಕಳುಹಿಸಿದ್ದರು. ಮರುದಿನವೇ ಅವರನ್ನು ಕೆಲಸದಿಂದ ತಾತ್ಕಾಲಿಕವಾಗಿ ನಿಲ್ಲಿಸಿದ ಆಜ್ಞೆ ಬಂದಿತು.

“ಸರ, ಅವ್ವನ್ನ ದವಾಖಾನಿಗೆ ಸೇರಿಸಿದ್ನಿರಿ. ಬರಾಕ ಆಗ್ಲಿಲ್ಲ. ಇದ್ದದ್ದನ್ನ ಬರದೀನಿ. ಅದಕ್ಕ ಅವ್ರು ಯಾಕ ಸಿಟ್ಟಾಗ್ಯಾರ?” ಎಂದು ಕೇಳಿದರು.

ಕಾಗದವನ್ನು ಓದಿದೆನು. ಮೊದಲನೆಯ ವಾಕ್ಯ: “ಐ ವುಡ್ ನಾಟ್ ಕಮ್ ಟು ಡ್ಯೂಟಿ ಟೂ ನೈಟ್ಸ್.” ಎರಡನೆಯದು: “ಐ ವುಡ್ ನಾಟ್ ಇನ್‌ಫಾರ್ಮ್ ಆಲ್ಸೊ.” ಅದನ್ನು ಓದಿದ ಅಧಿಕಾರಿಗೆ ಆದ ಅರ್ಥ ಬೇರೆ. ಎರಡು ರಾತ್ರಿ ಕೆಲಸಕ್ಕೆ ಬರಲು ನಾನು ಒಪ್ಪಲಿಲ್ಲ, ನಿಮಗೆ ತಿಳಿಸಲೂ ಒಪ್ಪಲಿಲ್ಲ! ಕಾಯಿಲೆಯ ಮಾತು ಮೂರನೆಯ ವಾಕ್ಯದಲ್ಲಿತ್ತು. ಅಷ್ಟು ದೂರ ಅವರು ಓದಿದರೋ ಇಲ್ಲವೋ.

ವುಡ್ ಎಂದು ಏಕೆ ಬರೆದಿರಿ ಎಂದು ಕೇಳಿದಾಗ ಅವರು ತಮ್ಮ ಟಿಪ್ಪಣಿಯ ಪುಸ್ತಕವನ್ನು ತೆಗೆದು ತೋರಿಸಿದರು. ಐ ವಿಲ್ ನಾಟ್ ಕಮ್ ಎಂದರೆ ನಾನು ಬರುವುದಿಲ್ಲ. ವಿಲ್ ಎಂಬುದರ ಭೂತಕಾಲ ವುಡ್. ಆದುದರಿಂದ ಐ ವುಡ್ ನಾಟ್ ಕಮ್ ಎಂದರೆ ನಾನು ಬರಲಿಲ್ಲ. ತರ್ಕಶಾಸ್ತ್ರದ ಅಧ್ಯಾಪಕರೂ ಇದರಲ್ಲಿ ತಪ್ಪು ಹಿಡಿಯಲಾರರು. ತಪ್ಪಿದ್ದುದು ನನ್ನ ಪಟ್ಟಿಯಲ್ಲಿ. ‘ನಾನು ಬರುವುದಿಲ್ಲ ಎಂದು ಅವನು ಹೇಳಿದನು’ ಎಂಬಂತಹ, ಒಬ್ಬರ ಮಾತನ್ನು ಇನ್ನೊಬ್ಬರು ವರದಿಮಾಡುವ ವಾಕ್ಯದಲ್ಲಿ ಮಾತ್ರ ವಿಲ್ ಸಲೀಸಾಗಿ ವುಡ್ ಆಗುತ್ತದೆ. ಆದರೆ ನಡೆದುಹೋದ ಒಂದು ಸಂಗತಿಯನ್ನು ಕುರಿತು ನೇರವಾಗಿ ವುಡ್ ನಾಟ್ ಎಂದರೆ ಅಲ್ಲಿ ಕಾಲಕ್ಕಿಂತ ಮನಸ್ಸು ಮುಂದಾಗಿ ನಿಲ್ಲುತ್ತದೆ. ಅದು ನಿರಾಕರಣೆ. ಪಟ್ಟಿ ಬರೆಯುವ ಉತ್ಸಾಹದಲ್ಲಿ ನಾನು ಈ ಮಾತನ್ನು ಹೇಳಿರಲಿಲ್ಲ.

ಆ ಸಂಜೆ ಬೇರೆ ಪಾಠ ನಡೆಯಲಿಲ್ಲ. ಅವರ ಅನುಮತಿ ಪಡೆದು ಆ ವಾಕ್ಯವನ್ನೇ ಹಲಗೆಯ ಮೇಲೆ ಬರೆದೆನು. ವಿಲ್ ಎಂಬುದು ಹುಟ್ಟಿನಿಂದ ಭವಿಷ್ಯತ್ತಿನ ಗುರುತಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಬಯಸು, ಇಚ್ಛಿಸು ಎಂದೇ ಅರ್ಥ. ಆ ಹಳೆಯ ಇಚ್ಛೆ ಇಂದಿಗೂ ಆ ಪದದೊಳಗೆ ಉಸಿರಾಡುತ್ತಿದೆ ಎಂದು ವಿವರಿಸಿದೆನು. ಯಾರ ಮುಖದಲ್ಲಿಯೂ ಬೆಳಕು ಕಾಣಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆ ಕಾವಲಿನವರೇ ಮೆಲ್ಲಗೆ ಹೇಳಿದರು:

“ಹಂಗಾದ್ರ ಸರ, ನಾ ಕಾಗದದಾಗ ‘ಒಲ್ಲೆ’ ಅಂತ ಬರದಂಗಾತಲ್ರೀ?”

ನಾನು ಅರ್ಧ ಗಂಟೆಯಲ್ಲಿ ಹೇಳಲಾರದುದನ್ನು ಅವರು ಒಂದು ಪದದಲ್ಲಿ ಹೇಳಿದ್ದರು. ನಮ್ಮ ಕಡೆಯ ಆಡುಮಾತಿನಲ್ಲಿ ‘ಒಲ್ಲೆ’ ಬಹುಮಟ್ಟಿಗೆ ಪುಸ್ತಕದ ಪದವಾಗಿದೆ. ಇವರಿಗೆ ಅದು ದಿನದ ಅನ್ನ. ಚಹಾ ಬೇಡವೆಂದರೆ ಒಲ್ಲೆ, ಮದುವೆ ಬೇಡವೆಂದರೆ ಒಲ್ಲೆ. ಒಲಿ, ಒಲವು ಎಂಬ ಪದಗಳ ಮನೆತನಕ್ಕೆ ಸೇರಿದ ಈ ಪದದಲ್ಲಿ ಮನಸ್ಸಿಲ್ಲವೆಂಬುದೇ ತಿರುಳು. ವಿಲ್ ನಾಟ್ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಪದ ಯಾವ ನಿಘಂಟಿನಲ್ಲಿ ಸಿಕ್ಕೀತು? ಒಡನೆಯೇ ಟ್ರ್ಯಾಕ್ಟರಿನವರು ಒಂದು ಆಕ್ಷೇಪವೆತ್ತಿದರು. “ಗಾಡಿ ಚಾಲೂ ಆಗವಲ್ದು ಅಂತೀವಲ್ರೀ. ಗಾಡಿಗೆ ಎಲ್ಲಿ ಮನಸೈತ್ರೀ?” ನಿಜ. ಮಳೆ ಬರವಲ್ದು, ಬಾಗಿಲು ತೆರೆಯವಲ್ದು ಎಂದು ಇಲ್ಲಿಯ ಜನ ಹೇಳುವುದನ್ನು ನಾನು ದಿನವೂ ಕೇಳುತ್ತಿದ್ದೆ. ಅದರಲ್ಲಿ ‘ಒಲ್ಲದು’ ಅಡಗಿದೆಯೆಂಬುದನ್ನು ಯೋಚಿಸಿರಲಿಲ್ಲ. ಇಂಗ್ಲಿಷಿನವರೂ ಹಾಗೆಯೇ ಹೇಳುತ್ತಾರೆ: ದಿ ಎಂಜಿನ್ ವಿಲ್ ನಾಟ್ ಸ್ಟಾರ್ಟ್. ಹಟಮಾಡುವ ಯಂತ್ರಕ್ಕೆ ಎರಡು ನುಡಿಯವರೂ ಮನಸ್ಸನ್ನು ಆರೋಪಿಸಿದ್ದಾರೆ. ವಿಲ್ ನಮ್ಮ ಒಲ್ಲೆಯಿಂದಲೇ ಹುಟ್ಟಿತೋ ಏನೋ ಎಂದು ಹಿಂದಿನ ಬೆಂಚಿನಿಂದ ಒಬ್ಬರು ಸಂತೋಷಪಟ್ಟರು. ಇಲ್ಲ, ಎರಡಕ್ಕೂ ನಂಟಿಲ್ಲ, ಧ್ವನಿಯ ಹೋಲಿಕೆ ಆಕಸ್ಮಿಕ ಎಂದು ಅವರ ಸಂತೋಷವನ್ನು ಕೆಡಿಸಬೇಕಾಯಿತು.

ಅಂದಿನಿಂದ ನನ್ನ ಪಾಠದ ದಾರಿ ಬದಲಾಯಿತು. ಪ್ರತಿಯೊಂದು ಸಹಾಯಕ ಕ್ರಿಯಾಪದಕ್ಕೂ, ಅದೇ ಕೆಲಸವನ್ನು ನಿಮ್ಮ ಮನೆಯ ಮಾತಿನಲ್ಲಿ ಯಾವುದು ಮಾಡುತ್ತದೆ ಎಂದು ಮೊದಲು ಕೇಳತೊಡಗಿದೆನು. ಸಿಕ್ಕಿದ ಉತ್ತರಗಳು ನನಗೇ ಪಾಠವಾದುವು. ಕ್ಯಾನ್ ಎಂಬುದನ್ನು ತೆಗೆದುಕೊಳ್ಳಿ. ಅದರ ಪೂರ್ವಾರ್ಥ ‘ತಿಳಿದಿರು’ ಎಂದು. ನಮ್ಮ ‘ಬಲ್ಲ’ ಎಂಬುದೂ ಅದೇ ಹಾದಿಯಲ್ಲಿ ನಡೆದಿದೆ. ‘ಅವನು ಸಂಸ್ಕೃತ ಬಲ್ಲ’ ಎಂದರೆ ತಿಳಿವು. ‘ಅವನು ಈಜಬಲ್ಲ’ ಎಂದರೆ ಸಾಮರ್ಥ್ಯ. ಶಲ್ ಎಂಬುದರ ಮೂಲಾರ್ಥ ಸಲ್ಲಿಸಬೇಕಾದ ಋಣ. ಹಾಗೆಂದೇ ಕಾನೂನಿನ ಪುಸ್ತಕಗಳಲ್ಲಿ ಅದಕ್ಕೆ ಅಷ್ಟು ಬಿಗಿ. ನಮ್ಮ ಅಧಿನಿಯಮಗಳು ಅದನ್ನು ‘ಮಾಡತಕ್ಕದ್ದು’ ಎಂದು ಕನ್ನಡಿಸಿರುವುದನ್ನು ನೋಡಿದರೆ ಆ ಬಿಗಿ ನಮಗೂ ಅನುಭವಕ್ಕೆ ಬರುತ್ತದೆ. ಉತ್ತಮಪುರುಷಕ್ಕೆ ಶಲ್, ಮಿಕ್ಕವಕ್ಕೆ ವಿಲ್ ಎಂಬ ನಿಯಮವನ್ನು ಜಾನ್ ವಾಲಿಸ್ ಎಂಬ ಗಣಿತಜ್ಞನು 1653ರ ತನ್ನ ವ್ಯಾಕರಣದಲ್ಲಿ ಬರೆದಿಟ್ಟನು. ನಾವು ಅದನ್ನು ಉರುಹೊಡೆದು ಅಂಕ ಗಳಿಸಿದೆವು. ಇಂದು ಇಂಗ್ಲಿಷ್ ಆಡುವವರಲ್ಲಿ ಹೆಚ್ಚಿನವರು ಅದನ್ನು ಲೆಕ್ಕಿಸುವುದಿಲ್ಲ. ಸಂಜೆಯ ತರಗತಿಯಲ್ಲಿ ನಾನೂ ಅದನ್ನು ಬಿಟ್ಟುಬಿಟ್ಟೆನು.

ಕಾವಲಿನವರ ಕಾಗದಕ್ಕೆ ಬೇಕಾಗಿದ್ದುದು ಕುಡ್ ನಾಟ್, ಅಂದರೆ ‘ಬರಲಾಗಲಿಲ್ಲ’. ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಒಂದು ಸಾರಿ ನಡೆದುದನ್ನು ಹೇಳುವಾಗ ಕುಡ್ ನಾಟ್ ಎಂಬುದು ಸರಿ; ಆದರೆ ‘ನಿನ್ನೆ ಓಡಿಹೋಗಿ ಬಸ್ಸು ಹಿಡಿಯಲು ಆಯಿತು’ ಎಂಬುದಕ್ಕೆ ಬರಿಯ ಕುಡ್ ಸಾಲದು, ವಾಸ್ ಏಬಲ್ ಟು ಎನ್ನಬೇಕು. ಇಲ್ಲವೆಂಬಲ್ಲಿ ಸಲ್ಲುವುದು ಉಂಟೆಂಬಲ್ಲಿ ಸಲ್ಲದು. ಇದಕ್ಕೆ ಕನ್ನಡದಲ್ಲಿ ಊರುಗೋಲಿಲ್ಲ. ಕಿವಿಗೆ ಬೀಳುವವರೆಗೆ ಹೇಳಿಹೇಳಿಯೇ ಕಲಿಯಬೇಕು.

ಈಗ ನಮ್ಮ ಕಾಲೇಜಿನ ಉತ್ತರಪತ್ರಿಕೆಗಳಲ್ಲಿಯೂ ಹೇರಳವಾಗಿ ಬೆಳೆಯುವ ‘ಡಿಡ್ ನಾಟ್ ಕೇಮ್’ ಎಂಬ ತಪ್ಪಿಗೆ ಬರೋಣ. ಡಿಡ್ ಬಂದ ಮೇಲೆ ಮುಖ್ಯಕ್ರಿಯಾಪದ ಮೂಲರೂಪದಲ್ಲಿರಬೇಕೆಂದು ನಾನು ಎಷ್ಟು ಸಾರಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆಯೋ ಲೆಕ್ಕವಿಲ್ಲ. ಶಾಯಿ ಮುಗಿದಿದೆ, ತಪ್ಪು ಮುಗಿದಿಲ್ಲ. ಕನ್ನಡದಲ್ಲಿ ಏನಾಗುತ್ತದೆ, ನೋಡಿ. ನಾನು ಬಂದೆನು, ನೀನು ಬಂದೆ, ಅವನು ಬಂದನು, ಅವರು ಬಂದರು. ಪುರುಷಕ್ಕೊಂದು ರೂಪ, ಎಲ್ಲದರಲ್ಲಿಯೂ ‘ಬಂದ’ ಎಂಬ ಭೂತಕಾಲದ ಅಂಗ. ಇದನ್ನೇ ನಿಷೇಧಿಸಿ ಹೇಳಿರಿ. ನಾನು ಬರಲಿಲ್ಲ, ನೀನು ಬರಲಿಲ್ಲ, ಅವರು ಬರಲಿಲ್ಲ. ‘ಬಂದ’ ಎಲ್ಲಿ ಹೋಯಿತು? ಕ್ರಿಯಾಪದ ‘ಬರಲು’ ಎಂಬ ಮೂಲದ ರೂಪಕ್ಕೆ ಹಿಂದಿರುಗಿತು. ಮಿಕ್ಕ ಭಾರವನ್ನೆಲ್ಲ ‘ಇಲ್ಲ’ ಹೊತ್ತಿತು. ‘ಬಂದಲಿಲ್ಲ’ ಎಂದು ಹಾಲುಗಲ್ಲದ ಮಗುವೂ ಹೇಳದು. ಡಿಡ್ ನಾಟ್ ಕೇಮ್ ಎಂಬುದು ಇಂಗ್ಲಿಷಿನ ‘ಬಂದಲಿಲ್ಲ’. ಹೀಗೆಂದಾಗ ತರಗತಿಯೆಲ್ಲ ನಕ್ಕಿತು. ಬಟ್ಟೆ ಹೊಲಿಯುವವರು, “ಒಂದ ಅಂಗಿಗೆ ಎರಡ ಕಾಲರ್ ಹಚ್ಚಿದಂಗಾತ್ರಿ” ಎಂದರು. ಅಲ್ಲಿಂದ ಮುಂದೆ ಯಾರಾದರೂ ಈ ತಪ್ಪು ಮಾಡಿದರೆ ನಾನು ಬಾಯಿ ತೆರೆಯುವ ಮುನ್ನ ಪಕ್ಕದವರು “ಕಾಲರ್, ಕಾಲರ್” ಎನ್ನುವರು. ಡಸ್ ನಾಟ್ ಕಮ್ಸ್ ಎಂಬುದಕ್ಕೂ ಅದೇ ಮದ್ದಾಯಿತು.

ಈ ಡು ಎಂಬ ಸಹಾಯಕನ ಚರಿತ್ರೆ ಸ್ವಾರಸ್ಯವಾದುದು. ಹಳೆಯ ಇಂಗ್ಲಿಷಿನಲ್ಲಿ ನಿಷೇಧಕ್ಕೂ ಪ್ರಶ್ನೆಗೂ ಡು ಬೇಕಾಗಿರಲಿಲ್ಲ. ಶೇಕ್ಸ್‌ಪಿಯರನ ನಾಟಕಗಳಲ್ಲಿ ಡು ಇರುವ ವಾಕ್ಯವೂ ಇಲ್ಲದ ವಾಕ್ಯವೂ ಅಕ್ಕಪಕ್ಕದಲ್ಲಿ ಸಿಗುತ್ತವೆ. 1611ರ ಬೈಬಲ್ಲಿನಲ್ಲಿ ಕ್ರಿಯಾಪದದ ಮುಂದೆಯೇ ನಾಟ್ ಇಡುವ ಹಳೆಯ ರೀತಿ ತುಂಬಿದೆ. ಸ್ವೀಡನ್ ದೇಶದ ಆಲ್ವಾರ್ ಎಲ್ಲೆಗೋರ್ಡ್ ಎಂಬ ವಿದ್ವಾಂಸರು 1953ರಲ್ಲಿ ಇದೊಂದನ್ನೇ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಇಂಗ್ಲಿಷ್ ಜನರೇ ತಮ್ಮ ಡುವನ್ನು ನೆಲೆಗೊಳಿಸಲು ಶತಮಾನಗಳನ್ನು ತೆಗೆದುಕೊಂಡಿರುವಾಗ ನಮ್ಮ ಹೊಲಿಗೆಯವರು ಆರು ತಿಂಗಳು ತೆಗೆದುಕೊಂಡರೆ ನಾಚಬೇಕಾದುದೇನು?

ಮಸ್ಟ್ ನಾಟ್ ಎಂಬುದರ ವಿಷಯ ನಗುವಂತಹುದಲ್ಲ. ಮಸ್ಟ್ ಎಂದರೆ ‘ಬೇಕು’ ಎಂದು ಕಲಿತವರು ಮಸ್ಟ್ ನಾಟ್ ಎಂದರೆ ‘ಬೇಕಾಗಿಲ್ಲ’ ಎಂದು ತಾವೇ ಊಹಿಸಿಬಿಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ಸೇವಿಸಬಾರದ ಔಷಧಿಯ ಬಗ್ಗೆ ಮಸ್ಟ್ ನಾಟ್ ಬಳಸಿ ನಾನು ಬರೆದ ವಾಕ್ಯವನ್ನು ಔಷಧಿಯ ಅಂಗಡಿಯ ತಾಯಿ, ‘ಖಾಲಿ ಹೊಟ್ಟೆಯಲ್ಲೇ ತೆಗೆದುಕೊಳ್ಳಬೇಕಂತೇನಿಲ್ಲ’ ಎಂದು ಬಿಡಿಸಿದರು. ಅಂದರೆ ತೆಗೆದುಕೊಂಡರೂ ನಡೆದೀತು! ನನ್ನ ಎದೆ ಹಾರಿತು. ಬೇಕು ಎಂಬುದಕ್ಕೆ ಎರಡು ಬಗೆಯ ಇಲ್ಲಗಳಿವೆ. ‘ಕೂಡದು, ಬಾರದು’ ಎಂಬುದು ಮಸ್ಟ್ ನಾಟ್. ‘ಬೇಕಾಗಿಲ್ಲ’ ಎಂಬುದು ನೀಡ್ ನಾಟ್. ಕನ್ನಡದಲ್ಲಿ ಈ ಎರಡನ್ನು ಆ ತಾಯಿ ಎಂದೂ ಬೆರೆಸಿದವರಲ್ಲ. ಆ ವಿವೇಕ ಅವರಲ್ಲಿ ಮೊದಲೇ ಇತ್ತು. ಯಾವ ಇಂಗ್ಲಿಷ್ ಪದಕ್ಕೆ ಯಾವುದನ್ನು ಕಟ್ಟಬೇಕೆಂಬುದು ಮಾತ್ರ ತಿಳಿಯದು.

ಎಲ್ಲಕ್ಕೂ ಕನ್ನಡ ನೆರವಾಗುವುದೆಂದು ನಾನು ಹೇಳುವುದಿಲ್ಲ. ‘ಬಂದನೆ’ ಎಂದು ಬಾಲಕ್ಕೆ ಒಂದು ಸ್ವರ ಸೇರಿಸಿದರೆ ನಮ್ಮ ಪ್ರಶ್ನೆ ಮುಗಿಯಿತು. ಇಂಗ್ಲಿಷಿನಲ್ಲಿ ಸಹಾಯಕನು ಎದ್ದು ವಾಕ್ಯದ ತಲೆಗೆ ಹೋಗಬೇಕು. ನಮ್ಮ ‘ಅಲ್ಲವೆ’ ಎಲ್ಲರಿಗೂ ಒಂದೇ. ಅದರಿಂದಲೇ ನಮ್ಮವರ ಬಾಯಲ್ಲಿ ಎಲ್ಲಕ್ಕೂ ‘ಈಸಂಟ್ ಇಟ್’. ‘ಅವರು ಮಾಸ್ತರರು’ ಎಂಬಲ್ಲಿ ನಮಗೆ ಕ್ರಿಯಾಪದವೇ ಬೇಡ. ಇವಕ್ಕೆಲ್ಲ ಅಭ್ಯಾಸವೊಂದೇ ದಾರಿ. ಗಿಣಿಪಾಠವೆಂದು ಹಳಿಯುವವರು ಹಳಿಯಲಿ, ನಾನು ಹಳಿಯಲಾರೆ.

ನನ್ನ ಸಹೋದ್ಯೋಗಿಗಳೊಬ್ಬರು, ತರಗತಿಯಲ್ಲಿ ಕನ್ನಡ ಹೊಕ್ಕರೆ ಇಂಗ್ಲಿಷ್ ಹೊರಗೆ ಹೋಗುತ್ತದೆ ಎನ್ನುತ್ತಾರೆ. ಐದು ವರ್ಷದ ಮಗುವಿನ ವಿಷಯದಲ್ಲಿ ಅವರ ಮಾತು ಸರಿಯಿರಬಹುದು. ಆದರೆ ನಲವತ್ತು ವರ್ಷ ‘ಒಲ್ಲೆ’ ಎಂದೂ ‘ಆಗಲಿಲ್ಲ’ ಎಂದೂ ಬೇರೆಬೇರೆಯಾಗಿ ಹೇಳಿ ಬಾಳಿದ ಮನುಷ್ಯನನ್ನು, ಚಪ್ಪಲಿಯೊಂದಿಗೆ ಆ ಬುದ್ಧಿಯನ್ನೂ ಬಾಗಿಲಲ್ಲಿ ಬಿಟ್ಟು ಒಳಗೆ ಬಾ ಎನ್ನುವುದು ನನಗೆ ಒಪ್ಪಿಗೆಯಲ್ಲ.

ಕಾವಲಿನವರ ಎರಡನೆಯ ಕಾಗದವನ್ನು ನಾವಿಬ್ಬರೂ ಕೂಡಿ ಬರೆದೆವು. ಒಂಬತ್ತು ದಿನಗಳ ನಂತರ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡರು. ಆ ದಿನಗಳ ಸಂಬಳ ಮಾತ್ರ ಬರಲಿಲ್ಲ. ಅದನ್ನು ನಾನು ತುಂಬಿಕೊಡುವೆನೆಂದಾಗ ಅವರು ಕೈಮುಗಿದು ಒಲ್ಲೆ ಎಂದರು. ಮೊನ್ನೆ ತಂಗಿಯ ಮದುವೆಗೆ ರಜೆ ಬೇಕಾಗಿ, ಈ ಸಾರಿ ಮುಂಚಿತವಾಗಿಯೇ, ತಾವೇ ಬರೆದ ನಾಲ್ಕು ಸಾಲಿನ ಕಾಗದವನ್ನು ತಂದು ನನ್ನ ಕೈಗಿತ್ತರು. “ಇದರಾಗ ಎಲ್ಲಿಯೂ ‘ಒಲ್ಲೆ’ ಇಲ್ಲಲ್ರೀ ಸರ?” ಎಂದು ಕೇಳಿದರು. ಎರಡು ಸಾರಿ ಓದಿ ನೋಡಿದೆನು. ಇರಲಿಲ್ಲ.